ಇಮೇಜ್‌ಜೆಯಲ್ಲಿ 'ಗ್ಲೋಬಲ್' ಟಿಕ್ ಹಾಕೋ ಮುಂಚೆ ಇದನ್ನ ಓದಿ

ಇಮೇಜ್‌ಜೆ ಅನ್ನೋ ಇಮೇಜ್ ಅಳೆಯೋ ಸಾಫ್ಟ್‌ವೇರಲ್ಲಿ ಅಲ್ಟ್ರಾಸೌಂಡ್ ಇಮೇಜ್ ಇಟ್ಕೊಂಡು ಸ್ನಾಯುವಿನ ಫ್ಯಾಸಿಕಲ್ (ನಾರುಗಳ ಕಟ್ಟು) ಅಳೀತಿರೋರು ದಯವಿಟ್ಟು ಪೂರ್ತಿ ಓದಿ, ನನ್ನ ಮೂರು ವಾರದ ಕೆಲಸ ಇದ್ರಲ್ಲೇ ಹೋಯ್ತು.

ನನ್ನ ಥೀಸಿಸ್ ಮೀನಖಂಡದ ಮೇಲೆ, ಅದ್ರಲ್ಲೂ ಒಳಬದಿಯ ಸ್ನಾಯು, ಮೀಡಿಯಲ್ ಗ್ಯಾಸ್ಟ್ರೋಕ್ನೀಮಿಯಸ್. 8 ವಾರದ ಎಕ್ಸರ್‌ಸೈಜ್‌ಗೆ ಮುಂಚೆ ಒಂದು ಸ್ಕ್ಯಾನ್, ಆಮೇಲೆ ಒಂದು. ಮೊದಲ್ನೇ ಇಮೇಜ್ ಓಪನ್ ಮಾಡಿ, ಪಕ್ಕದಲ್ಲಿರೋ ಸೆಂಟಿಮೀಟರ್ ಗೆರೆಗಳ ಮೇಲೆ 0 ಇಂದ 5ರ ತನಕ ಲೈನ್ ಎಳೆದು, ಸೆಟ್ ಸ್ಕೇಲ್‌ನಲ್ಲಿ 50 ಮಿಮೀ ಅಂತ ಕೊಟ್ಟು, ಪ್ರತಿ ಇಮೇಜ್‌ಗೂ ಇದೇ ಕೆಲಸ ಯಾಕೆ ಅಂತ ಕೆಳಗಿರೋ ಗ್ಲೋಬಲ್ ಬಾಕ್ಸ್‌ಗೆ (ಎಲ್ಲಾ ಇಮೇಜ್‌ಗೂ ಇದೇ ಸ್ಕೇಲ್ ಅಂತ) ಟಿಕ್ ಹಾಕ್ಬಿಟ್ಟೆ. ಅಲ್ಲೇ ಕೆಟ್ಟಿದ್ದು.

ರಿಸಲ್ಟ್ ನೋಡಿದ್ರೆ ಫ್ಯಾಸಿಕಲ್ ಉದ್ದ ಸುಮಾರು 52 ಮಿಮೀ ಇದ್ದಿದ್ದು 65, ಸ್ನಾಯುವಿನ ದಪ್ಪ 18 ಇದ್ದಿದ್ದು 22ರ ಮೇಲೆ, ಆದ್ರೆ ಪೆನ್ನೇಷನ್ ಆಂಗಲ್ (ಫ್ಯಾಸಿಕಲ್ ಓರೆಯಾಗಿ ಕೂತಿರೋ ಕೋನ) ಮಾತ್ರ 20 ಡಿಗ್ರಿಯಿಂದ ಅಲ್ಲಾಡೇ ಇಲ್ಲ. ಖುಷಿಯಲ್ಲಿ ಗೈಡ್‌ಗೆ ತೋರಿಸ್ದೆ. ಮೇಡಂ ಒಂದು ನಿಮಿಷ ಸುಮ್ನೆ ನೋಡಿ, "ಮೇಲಿರೋ ಚರ್ಮದ ಪದರ ಅಳೆದು ನೋಡಮ್ಮ" ಅಂದ್ರು. ಅಳೆದೆ. ಅದೂ ಕಾಲು ಪಾಲು ದಪ್ಪ ಆಗಿತ್ತು! 8 ವಾರ ಎಕ್ಸರ್‌ಸೈಜ್ ಮಾಡಿ ಯಾರ ಚರ್ಮ ಅಷ್ಟೊಂದು ದಪ್ಪ ಆಗುತ್ತೆ?

ಆಗಿದ್ದೇನಂದ್ರೆ ಎರಡನೇ ಸಲ ಸ್ಕ್ಯಾನ್ ಮಾಡಿದವರು ಡೆಪ್ತ್ (ಎಷ್ಟು ಆಳದ ತನಕ ತೋರಿಸ್ಬೇಕು ಅನ್ನೋ ಸೆಟ್ಟಿಂಗ್) 5 ಸೆಂಮೀ ಬದಲು 4 ಇಟ್ಟಿದ್ರು. ಇಮೇಜ್ ಸೈಜ್ ಮೊದಲಿನಷ್ಟೇ, ಆದ್ರೆ ಒಂದು ಸೆಂಟಿಮೀಟರ್ ಈಗ ಜಾಸ್ತಿ ಪಿಕ್ಸೆಲ್ ಹಿಡಿಯುತ್ತೆ, ಸಾಫ್ಟ್‌ವೇರ್ ಮಾತ್ರ ಹಳೇ ಸ್ಕೇಲಲ್ಲೇ ಅಳೀತಾ ಹೋಗಿದೆ. ಉದ್ದ ಅಗಲ ಎರಡೂ ಒಂದೇ ಸಮ ಹಿಗ್ಗಿದ್ರಿಂದ ಆಂಗಲ್ ಬದಲಾಗಲ್ಲ, ಹಾಗಾಗಿ ಆಂಗಲ್ ನೋಡಿ ಎಲ್ಲಾ ಸರಿ ಇದೆ ಅನ್ಕೋಬೇಡಿ. ಜೆಪೆಗ್ ಫೈಲ್‌ಗಳಲ್ಲಿ ಅಳತೆ ಮಾಹಿತಿ ಇರಲ್ಲ, ಯಾವ ವಾರ್ನಿಂಗೂ ಬರ್ಲಿಲ್ಲ. ಸಾಧ್ಯ ಆದ್ರೆ ಡೈಕಾಮ್ (ಸ್ಕ್ಯಾನ್ ಮೆಷಿನ್‌ಗಳು ಬಳಸೋ ಮೆಡಿಕಲ್ ಇಮೇಜ್ ಫಾರ್ಮ್ಯಾಟ್) ಫೈಲೇ ಇಸ್ಕೊಳ್ಳಿ, ಪಿಕ್ಸೆಲ್ ಅಳತೆ ಸಾಮಾನ್ಯವಾಗಿ ಅದ್ರೊಳಗೇ ಇರುತ್ತೆ. ಮೊಬೈಲ್ ಚಾಟಲ್ಲಂತೂ ಇಮೇಜ್ ತರಿಸ್ಕೋಬೇಡಿ, ಸಾಮಾನ್ಯವಾಗಿ ಸೈಜ್ ಕುಗ್ಗಿಸಿ ಕಳಿಸುತ್ತೆ.

ತೊಡೆ ಸ್ನಾಯು ಅಳೆಯೋರಿಗೆ ಇನ್ನೊಂದು ತೊಂದ್ರೆ, ಫ್ಯಾಸಿಕಲ್ ಎಷ್ಟೋ ಸಲ ಪ್ರೋಬ್‌ನ (ಮೈಮೇಲೆ ಇಟ್ಟು ಸ್ಕ್ಯಾನ್ ಮಾಡೋ ಸಾಧನ) ಫ್ರೇಮ್ ದಾಟಿ ಹೋಗುತ್ತೆ, ಉಳಿದಿದ್ದನ್ನ ಅಂದಾಜಲ್ಲಿ ಗೆರೆ ಎಳೆದು ಲೆಕ್ಕ ಹಾಕ್ಬೇಕು, ಅಲ್ಲಿ ಆಂಗಲ್ ಸ್ವಲ್ಪ ತಪ್ಪಿದ್ರೂ ಉದ್ದ ಎಲ್ಲೋ ಹೋಗುತ್ತೆ.

ಈಗ ಪ್ರತಿ ಇಮೇಜ್‌ಗೂ ಸ್ಕೇಲ್ ಬೇರೆ ಬೇರೆ ಕೂರಿಸಿ ಮೊದಲಿಂದ ಅಳೀತಿದೀನಿ. ಇಲ್ಲಿ ತನಕ ಮುಗಿದಿರೋದ್ರಲ್ಲಿ ಫ್ಯಾಸಿಕಲ್ ವ್ಯತ್ಯಾಸ ಒಂದೆರಡು ಮಿಮೀ ಅಷ್ಟೇ.