ಟಕ್ಸ್‌ಗಿಟಾರ್: ಟ್ಯಾಬ್ ಓದಲು ಬಾರದವರಿಗೆ ಐದಕ್ಕೆ ನಾಲ್ಕು ಸ್ಟಾರ್

ಟಕ್ಸ್‌ಗಿಟಾರ್ ಅಂದರೆ ಗಿಟಾರಿನ ಟ್ಯಾಬ್ ತೋರಿಸಿ ನುಡಿಸುವ ಒಂದು ಕಂಪ್ಯೂಟರ್ ತಂತ್ರಾಂಶ. ಟ್ಯಾಬ್ ಅಂದರೆ ಯಾವ ತಂತಿಯಲ್ಲಿ ಎಲ್ಲಿ ಬೆರಳಿಡಬೇಕು ಅಂತ ಗೆರೆ, ಅಂಕಿಗಳಲ್ಲಿ ಬರೆದಿಡುವ ರೀತಿ. ಮೊದಲೇ ಹೇಳಿಬಿಡುತ್ತೇನೆ, ನನಗೆ ಗಿಟಾರ್ ಬರುವುದಿಲ್ಲ. ಕಲಿಯುತ್ತಿದ್ದೇನೆ ಅಷ್ಟೇ. ನಲವತ್ತೊಂದನೇ ವಯಸ್ಸಿಗೆ ಏನೋ ಹುಚ್ಚು ಹತ್ತಿ ಆರೂವರೆ ಸಾವಿರ ಕೊಟ್ಟು ಒಂದು ಅಕೌಸ್ಟಿಕ್ ತಂದೆ. ಚಿಕ್ಕಂದಿನಲ್ಲಿ ಸಂಗೀತದ ಪಾಠಕ್ಕೆ ಹೋಗಿದ್ದೆ, ಜೂನಿಯರ್ ಪರೀಕ್ಷೆ ಪಾಸಾಗಿ ಅಲ್ಲಿಗೇ ನಿಂತಿತು. ಆ ಧೈರ್ಯದ ಮೇಲೆ ಗಿಟಾರ್ ಟ್ಯಾಬ್ ಓದುವುದು ಏನು ಮಹಾ, ಆರು ಗೆರೆ, ಒಂದಿಷ್ಟು ಅಂಕಿ, ಅಷ್ಟೇ ತಾನೇ ಅಂದುಕೊಂಡಿದ್ದೆ.

ಮೊದಲು ಸೇರಿದ್ದು ಮನೆ ಹತ್ತಿರದ ಒಂದು ಕ್ಲಾಸಿಗೆ. ಹೆಸರು ಬೇಡ. ತಿಂಗಳಿಗೆ ಎರಡು ಸಾವಿರ, ವಾರಕ್ಕೆ ಎರಡು ದಿನ. ಸರ್ ಒಳ್ಳೆಯವರು, ಬೆರಳು ಹಿಡಿಯುವುದನ್ನು ಚೆನ್ನಾಗಿ ಹೇಳಿಕೊಟ್ಟರು. ಟ್ಯಾಬ್ ವಿಷಯಕ್ಕೆ ಬಂದಾಗ ಮಾತ್ರ ಒಂದು ಜೆರಾಕ್ಸ್ ಹಾಳೆ ಕೊಟ್ಟು "ಮನೇಲಿ ನೋಡ್ಕೊಳ್ಳಿ ಮೇಡಂ, ಸುಲಭ" ಅಂದರು.

ಮನೆಯಲ್ಲಿ ನೋಡಿಕೊಂಡೆ. ಮೇಲಿನ ಗೆರೆ ದಪ್ಪ ತಂತಿ ಅಂದುಕೊಂಡೆ. ಯಾಕೆಂದರೆ ಗಿಟಾರ್ ತೊಡೆಯ ಮೇಲೆ ಇಟ್ಟುಕೊಂಡು ಬಗ್ಗಿ ನೋಡಿದರೆ ಮೇಲೆ ಕಾಣುವುದು ದಪ್ಪ ತಂತಿಯೇ. ಆದರೆ ಟ್ಯಾಬಿನಲ್ಲಿ ಮೇಲಿನ ಗೆರೆ ಅಂದರೆ ಒಂದನೇ ತಂತಿ, ನೆಲಕ್ಕೆ ಹತ್ತಿರ ಇರುವ ತೆಳು ತಂತಿ. ಕೆಳಗಿನ ಗೆರೆ ಆರನೆಯದು, ದಪ್ಪದ್ದು. ಅದು ಹೋಗಲಿ, ಗೆರೆಯ ಮೇಲೆ 3 ಅಂತ ಇದ್ದರೆ ಮೂರನೇ ಬೆರಳು ಇಡಬೇಕು ಅಂತಲೂ ತಿಳಿದಿದ್ದೆ. ಕಾರ್ಡ್ (ಹಲವು ಸ್ವರ ಒಟ್ಟಿಗೆ ಮೀಟುವುದು) ಚಿತ್ರದಲ್ಲಿ ಬೆರಳಿಗೇ ಅಂಕಿ ಹಾಕಿರುತ್ತಾರಲ್ಲ, ಅದರ ಪ್ರಭಾವ. ಟ್ಯಾಬಿನಲ್ಲಿ ಅಂಕಿ ಅಂದರೆ ಫ್ರೆಟ್, ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿರುವ ಲೋಹದ ಪಟ್ಟಿಗಳ ಲೆಕ್ಕ. 0 ಅಂದರೆ ತಂತಿಯನ್ನು ಒತ್ತದೆ ಸುಮ್ನೆ ಮೀಟುವುದು. ಈ ಎರಡು ವಾಕ್ಯ ಯಾರಾದರೂ ಮೊದಲ ದಿನ ಹೇಳಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು.

ಆಮೇಲೆ ಓದಿ ಗೊತ್ತಾಗಿದ್ದು, ನನ್ನ ತಲೆಕೆಳಗು ಬುದ್ಧಿ ಅಷ್ಟೇನೂ ಪೆದ್ದಲ್ಲ. ವೆನಿಸ್ ನಗರದಲ್ಲಿ 1507ರಲ್ಲಿ ಪೆಟ್ರುಚಿ ಎನ್ನುವವನು ಲ್ಯೂಟ್ ಎನ್ನುವ ಗಿಟಾರಿನಂಥ ಹಳೆಯ ತಂತಿವಾದ್ಯಕ್ಕೆ ಟ್ಯಾಬ್ ಪುಸ್ತಕ ಅಚ್ಚು ಹಾಕಿದ. ಇಟಲಿಯವರ ಆ ಪದ್ಧತಿಯಲ್ಲಿ ಮೇಲಿನ ಗೆರೆಯೇ ದಪ್ಪ ತಂತಿ, ನಾನು ಅಂದುಕೊಂಡ ಹಾಗೇ! ಇನ್ನೂ ಒಂದು ವಿಷಯ ಇದೆ. ಆ ಪುಸ್ತಕಗಳಲ್ಲಿ ಅಂಕಿಗಳ ಮೇಲೆ ಪುಟ್ಟ ಬಾವುಟದಂಥ ಗುರುತು ಇರುತ್ತಿತ್ತು, ಯಾವ ಸ್ವರ ಎಷ್ಟು ಹೊತ್ತು ಅಂತ ಹೇಳುವುದಕ್ಕೆ. ಐನೂರು ವರ್ಷದ ಹಿಂದೆ ಇದ್ದ ಆ ಗುರುತು ನನ್ನ ಜೆರಾಕ್ಸ್ ಹಾಳೆಯಲ್ಲಿ ಇರಲಿಲ್ಲ. ನನ್ನ ಎಲ್ಲಾ ಗೋಳಿನ ಮೂಲ ಅದೇ.

ಇಂಟರ್ನೆಟ್ಟಿನಲ್ಲಿ ಸಿಗುವ ಸಾದಾ ಟ್ಯಾಬ್ ಇದೆಯಲ್ಲ, ಅಡ್ಡಗೆರೆಗಳ ಮಧ್ಯೆ ಅಂಕಿ ಟೈಪ್ ಮಾಡಿದ್ದು, ಅದು ಬೆರಳು ಎಲ್ಲಿ ಇಡಬೇಕು ಅಂತ ಹೇಳುತ್ತದೆ. ಯಾವಾಗ ಇಡಬೇಕು ಅಂತ ಹೇಳುವುದಿಲ್ಲ. ಹಾಡು ಮೊದಲೇ ಕೇಳಿ ಗೊತ್ತಿದ್ದರೆ ಹೇಗೋ ನಡೆಯುತ್ತದೆ. ಗೊತ್ತಿಲ್ಲದಿದ್ದರೆ ದೇವರೇ ಗತಿ. ನಮ್ಮ ಸಂಗೀತದ ಪುಸ್ತಕದಲ್ಲಾದರೂ ಸ್ವರದ ಪಕ್ಕ ಅಲ್ಪವಿರಾಮ ಇದ್ದರೆ ಒಂದಕ್ಷರ ಎಳೆಯಬೇಕು, ಒಂದು ಗೆರೆ ಬಂದರೆ ತಾಳದ ಅಂಗ ಮುಗಿಯಿತು, ಎರಡು ಗೆರೆ ಬಂದರೆ ಆವರ್ತ ಮುಗಿಯಿತು. ಇಲ್ಲಿ ಅದೂ ಇಲ್ಲ. ಕೆಲವು ಪುಣ್ಯಾತ್ಮರು ಕೆಳಗೆ 1 2 3 4 ಅಂತ ಎಣಿಕೆ ಬರೆದಿರುತ್ತಾರೆ, ಅಂಥವರು ಅಪರೂಪ.

ಅದರ ಮೇಲೆ ನನ್ನ ಹಾಳೆಯ ಕಥೆಯೇ ಬೇರೆ. ಎರಡು ವಾರ ಬಾರಿಸಿದರೂ ಅದು ಸಂಗೀತದ ಹಾಗೆ ಕೇಳಿಸಲಿಲ್ಲ. ಒಂದು ದಿನ ಮಗಳು ಪಕ್ಕ ಬಂದು ನೋಡಿ, "ಅಮ್ಮಾ, ಈ ಮೂರು ಅಂಕಿ ಒಂದರ ಕೆಳಗೆ ಒಂದು ಬರಬೇಕಿತ್ತು ಅನ್ಸುತ್ತೆ, ಜರುಗಿಬಿಟ್ಟಿದೆ" ಅಂದಳು. ನಿಜ! ಯಾರೋ ಟ್ಯಾಬನ್ನು ಮಾಮೂಲಿ ಫಾಂಟಿನಲ್ಲಿ ಪ್ರಿಂಟ್ ತೆಗೆದಿದ್ದರು. ಎಲ್ಲಾ ಅಕ್ಷರಕ್ಕೂ ಒಂದೇ ಅಗಲ ಇರುವ ಟೈಪ್‌ರೈಟರ್ ಥರದ ಫಾಂಟ್ ಇಲ್ಲದಿದ್ದರೆ ಅಡ್ಡಗೆರೆಗೆ ಒಂದು ಅಗಲ, ಅಂಕಿಗೆ ಇನ್ನೊಂದು ಅಗಲ ಆಗಿ ಸಾಲು ಕದಲುತ್ತದೆ. ಒಂದೇ ಸಲ ಮೀಟಬೇಕಾದ ಕಾರ್ಡನ್ನು ನಾನು ಮೂರು ಬಿಡಿ ಸ್ವರ ಮಾಡಿಕೊಂಡು ಹದಿನಾಲ್ಕು ದಿನ ಬಾರಿಸಿದ್ದೆ. ವಾಟ್ಸಾಪಿನಲ್ಲಿ ಬರುವ ಟ್ಯಾಬಿಗೂ ಇದೇ ಗತಿ, ನೋಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ನಾದಿನಿಯ ಮಗ ಹಬ್ಬಕ್ಕೆ ಬಂದಾಗ "ಅತ್ತೆ, ಟಕ್ಸ್‌ಗಿಟಾರ್ ಹಾಕ್ಕೊಳ್ಳಿ, ಫ್ರೀ" ಅಂತ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟ. ಟಕ್ಸ್ ಅಂದರೆ ಲಿನಕ್ಸ್ ಎನ್ನುವ ಕಂಪ್ಯೂಟರ್ ವ್ಯವಸ್ಥೆಯ ಲಾಂಛನವಾದ ಪೆಂಗ್ವಿನ್ ಹೆಸರು. ಆದರೆ ವಿಂಡೋಸಿನಲ್ಲೂ ಮ್ಯಾಕಿನಲ್ಲೂ ನಡೆಯುತ್ತದೆ. ಮುಕ್ತ ತಂತ್ರಾಂಶ, ದುಡ್ಡು ಕೇಳುವುದಿಲ್ಲ. ದುಡ್ಡು ಕೊಟ್ಟು ತಗೊಳ್ಳುವ ಗಿಟಾರ್ ಪ್ರೊ ಅಂತ ಫ್ರಾನ್ಸಿನ ಒಂದು ಸಾಫ್ಟ್‌ವೇರ್ ಇದೆ, 1997ರಿಂದ ಬರುತ್ತಿದೆ, ಜನ ಟ್ಯಾಬ್ ಹಂಚಿಕೊಳ್ಳುವುದು ಜಾಸ್ತಿ ಅದರ ಫೈಲಿನಲ್ಲೇ. ಅದರ ಹಳೆಯ ಜಿಪಿ3, ಜಿಪಿ4, ಜಿಪಿ5 ಫೈಲುಗಳನ್ನು ಇದು ತೆರೆಯುತ್ತದೆ.

ತೆರೆದ ತಕ್ಷಣ ಏನಾಗುತ್ತದೆ ಅಂದರೆ, ಟ್ಯಾಬ್ ಹಾಡುತ್ತದೆ. ಪ್ಲೇ ಒತ್ತಿದರೆ ಈಗ ಯಾವ ಅಂಕಿ ನುಡಿಯುತ್ತಿದೆ ಅಂತ ಬಣ್ಣ ಬದಲಾಗಿ ಕಾಣುತ್ತದೆ. ಬೇಕಿದ್ದರೆ ಕೆಳಗೆ ಗಿಟಾರಿನ ಕತ್ತಿನ ಚಿತ್ರವನ್ನೂ ಇಟ್ಟುಕೊಳ್ಳಬಹುದು, ಬೆರಳು ಎಲ್ಲಿ ಅಂತ ಅದರ ಮೇಲೂ ತೋರಿಸುತ್ತದೆ. ಕಣ್ಣು, ಕಿವಿ, ಬೆರಳು ಮೂರೂ ಒಟ್ಟಿಗೆ ಕೂತಾಗ ನನಗೆ ಮೊದಲ ಸಲ ಟ್ಯಾಬ್ ಅಂದರೇನು ಅಂತ ಅರ್ಥವಾಯಿತು, ಕ್ಲಾಸಿನಲ್ಲಿ ಎರಡು ತಿಂಗಳು ಕೂತಾಗ ಆಗದೇ ಇದ್ದದ್ದು.

ವೇಗ ಕಡಿಮೆ ಮಾಡಬಹುದು, ಇದು ದೊಡ್ಡ ಉಪಕಾರ. ಶೇಕಡ 50ಕ್ಕೆ ಇಳಿಸಿ, ಕಷ್ಟದ ಎರಡೇ ಮನೆ (ಎರಡು ಉದ್ದಗೆರೆಗಳ ನಡುವಿನ ಭಾಗ) ಆರಿಸಿ, ಸುತ್ತಿ ಸುತ್ತಿ ಬರುವ ಹಾಗೆ ಬಿಡಿ. ಟ್ರೈನರ್ ಅಂತ ಇನ್ನೊಂದಿದೆ, ಎಷ್ಟರಿಂದ ಶುರು, ಎಷ್ಟಕ್ಕೆ ಮುಗಿಯಬೇಕು, ಪ್ರತಿ ಸುತ್ತಿಗೆ ಎಷ್ಟು ಏರಬೇಕು ಅಂತ ಹೇಳಿಬಿಟ್ಟರೆ ಅದೇ ಏರಿಸಿಕೊಂಡು ಹೋಗುತ್ತದೆ. ನಮ್ಮ ಸಂಗೀತದ ಮೇಷ್ಟ್ರು ಒಂದನೇ ಕಾಲ, ಅದರ ಎರಡರಷ್ಟು ವೇಗದ ಎರಡನೇ ಕಾಲ ಅಂತ ತೊಡೆ ತಟ್ಟಿ ಹಾಡಿಸುತ್ತಿದ್ದರಲ್ಲ, ಅವರಿಗೆ ಇಷ್ಟು ತಾಳ್ಮೆ ಇರಲಿಲ್ಲ!

ನನಗೆ ನಿಜವಾಗಿ ಕೀಲಿಕೈ ಸಿಕ್ಕಿದ್ದು ಬೇರೆಯವರ ಫೈಲ್ ತೆರೆದಾಗ ಅಲ್ಲ, ನಾನೇ ಟೈಪ್ ಮಾಡಿದಾಗ. ಬಾಯಿಪಾಠ ಇರುವುದು ಯಾವುದು? ಸರಳೆ ವರಸೆ, ಸಂಗೀತದ ಮೊದಲ ಪಾಠ. ರಾಗ ಮಾಯಾಮಾಳವಗೌಳ. ಷಡ್ಜವನ್ನು (ಸ) ಪಾಶ್ಚಾತ್ಯರ 'ಸಿ' ಸ್ವರಕ್ಕೆ ಇಟ್ಟುಕೊಂಡೆ, ಅಂದರೆ ಐದನೇ ತಂತಿಯ ಮೂರನೇ ಫ್ರೆಟ್. ಬಾಣದ ಕೀಲಿಯಿಂದ ಗೆರೆಗೆ ಹೋಗಿ ಅಂಕಿ ಒತ್ತುವುದು, ಬಲಕ್ಕೆ ಸರಿಯುವುದು, ಅಷ್ಟೇ ಕೆಲಸ. ಸ ರಿ ಎರಡೂ ಐದನೇ ತಂತಿಯಲ್ಲಿ, 3 ಮತ್ತು 4. ಗ ಮ ನಾಲ್ಕನೆಯದರಲ್ಲಿ, 2 ಮತ್ತು 3. ಪ ದ ಮೂರನೆಯದರಲ್ಲಿ, 0 ಮತ್ತು 1. ನಿ ಸ ಎರಡನೆಯದರಲ್ಲಿ, ಮತ್ತೆ 0 ಮತ್ತು 1. ಒಂದೊಂದು ತಂತಿಗೆ ಎರಡೆರಡು ಸ್ವರ, ಅದೂ ಅಕ್ಕಪಕ್ಕದ ಫ್ರೆಟ್ಟಿನಲ್ಲಿ. ಪುರಂದರದಾಸರು ಹೊಸಬರ ಪಾಠಕ್ಕೆ ಈ ರಾಗ ಇಟ್ಟರು ಅಂತ ಹೇಳುತ್ತಾರಲ್ಲ, ಗಿಟಾರಿಗೂ ಇದು ಇಷ್ಟು ಒಪ್ಪವಾಗಿ ಕೂರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ತಾಳಕ್ಕೆ 4/4 ಇಟ್ಟೆ, ಮನೆಯೊಂದಕ್ಕೆ ನಾಲ್ಕು ಏಟು. ಆದಿತಾಳದ ನಾಲ್ಕೇಟಿನ ಲಘು ಒಂದು ಮನೆ, ಎರಡೆರಡು ಏಟಿನ ಎರಡು ದ್ರುತ ಸೇರಿ ಇನ್ನೊಂದು ಮನೆ, ಒಂದು ಆವರ್ತ ಸರಿಯಾಗಿ ಎರಡು ಮನೆಗೆ ಮುಗಿಯಿತು. ಎರಡನೇ ಕಾಲ ಬೇಕಾದಾಗ ಪ್ರತಿ ಸ್ವರದ ಅವಧಿ ಅರ್ಧ ಮಾಡಿದೆ, ಆಗ ಅಂಕಿಗಳ ಜೊತೆಗಿದ್ದ ಕಾಲದ ಗುರುತು ಬದಲಾಗಿ ಎರಡೆರಡು ಸ್ವರಕ್ಕೆ ಒಂದು ಪಟ್ಟಿ ಬಿತ್ತು. ಓಹೋ, ಆ ಪಟ್ಟಿ ಅಂದರೆ ಇದಾ! ಅಲ್ಲಿಂದ ಮುಂದೆ ಬೇರೆಯವರ ಟ್ಯಾಬಿನಲ್ಲಿ ಆ ಗುರುತು ಕಂಡರೆ ಭಯ ಆಗಲಿಲ್ಲ.

ಇನ್ನೊಂದು ಸೂಕ್ಷ್ಮವೂ ಆಗಲೇ ತಿಳಿದದ್ದು. ಹಾರ್ಮೋನಿಯಂನಲ್ಲಿ ಮೇಲಿನ ಸ ಒಂದು ಕಡೆ ಮಾತ್ರ ಇರುತ್ತದೆ. ಗಿಟಾರಿನಲ್ಲಿ ಅದೇ ಸ ಎರಡನೇ ತಂತಿಯ 1ರಲ್ಲೂ ಇದೆ, ಮೂರನೆಯದರ 5ರಲ್ಲೂ ಇದೆ, ನಾಲ್ಕನೆಯದರ 10ರಲ್ಲೂ ಇದೆ. ಸ್ವರ ಮಾತ್ರ ಬರೆದುಕೊಟ್ಟರೆ ಹೊಸಬರು ಎಲ್ಲಿ ಅಂತ ಹುಡುಕಬೇಕು? ಟ್ಯಾಬ್ ಇದೇ ಅಂತ ಬೆರಳಿಟ್ಟು ತೋರಿಸುತ್ತದೆ. ಟ್ಯಾಬ್ ಓದುವವರು ಸೋಮಾರಿಗಳು, ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಕಲಿಯಬೇಕು ಅಂತ ಉಪದೇಶ ಮಾಡುವವರಿಗೆ ನನ್ನ ಉತ್ತರ ಇದು.

ಇನ್ನು ಕೊರತೆ. ನೋಡಲು ಹಳೇ ಕಾಲದ ಆಫೀಸ್ ಸಾಫ್ಟ್‌ವೇರ್ ಥರ ಇದೆ, ಗುಂಡಿ ಜಾಸ್ತಿ, ಮೊದಲ ದಿನ ತಲೆ ಗಿರ್ ಅನ್ನುತ್ತದೆ. ಗಿಟಾರಿನ ದನಿ ಆಟಿಕೆಯ ದನಿ, ಹಳೇ ಮೊಬೈಲಿನ ರಿಂಗ್‌ಟೋನ್ ನೆನಪಾಗುತ್ತದೆ. ನೀವು ಬಾರಿಸಿದ್ದು ಸರಿಯೋ ತಪ್ಪೋ ಅದಕ್ಕೆ ಕೇಳಿಸುವುದಿಲ್ಲ, ಆ ಕಿವಿ ನಿಮ್ಮದೇ ಆಗಬೇಕು. ಫೈಲುಗಳನ್ನು ಟೈಪ್ ಮಾಡಿರುವವರೂ ನಮ್ಮ ನಿಮ್ಮಂಥವರೇ, ಹಾಗಾಗಿ ತಪ್ಪು ಇದ್ದೇ ಇರುತ್ತದೆ. ಶ್ರುತಿಯನ್ನೂ ಮೊದಲು ನೋಡಿಕೊಳ್ಳಿ. ಒಂದು ಫೈಲಿನಲ್ಲಿ ಆರೂ ತಂತಿ ಅರ್ಧ ಸ್ವರ ಇಳಿಸಿಕೊಳ್ಳಿ ಅಂತ ಇತ್ತು, ಅದನ್ನು ಓದದೆ ಮಾಮೂಲಿ ಶ್ರುತಿಯಲ್ಲಿ ಬಾರಿಸಿ ಹಾಡಿನ ಜೊತೆ ಯಾಕೆ ಸೇರುತ್ತಿಲ್ಲ ಅಂತ ಒಂದು ಭಾನುವಾರ ಪೂರ್ತಿ ತಂತಿಗೇ ಬೈದೆ.

ಗುರುತುಗಳು ಒಂದೊಂದಾಗಿ ತಾನೇ ಬರುತ್ತವೆ, ಉರು ಹೊಡೆಯಬೇಡಿ. ಸಾದಾ ಟ್ಯಾಬಿನಲ್ಲಿ ಎರಡು ಅಂಕಿ ನಡುವೆ ಎಚ್ ಅಕ್ಷರ ಇದ್ದರೆ ಎರಡನೆಯದನ್ನು ಮೀಟದೆ ಎಡಗೈ ಬೆರಳಿನಿಂದಲೇ ಬಡಿಯುವುದು, ಪಿ ಇದ್ದರೆ ಬೆರಳು ಎಳೆದು ಬಿಡುವುದು, ಓರೆ ಗೆರೆ ಇದ್ದರೆ ಜಾರುವುದು, ಎಕ್ಸ್ ಇದ್ದರೆ ತಂತಿಯ ದನಿ ಅಡಗಿಸಿ ಮೀಟುವುದು. ಜಾರುವುದು ನನಗೆ ಬೇಗ ಬಂತು, ಗಮಕದ ಅಭ್ಯಾಸ ಕೈಗೆ ಅಲ್ಲದಿದ್ದರೂ ಕಿವಿಗೆ ಇತ್ತಲ್ಲ.

ಮಧ್ಯೆ ಒಂದು ಮೊಬೈಲ್ ಆ್ಯಪಿಗೂ ದುಡ್ಡು ಕಟ್ಟಿದ್ದೆ, ಅದರ ಹೆಸರೂ ಬೇಡ. ಬಣ್ಣ ಬಣ್ಣದ ಬಹುಮಾನ, ದಿನಾ "ನಿಮ್ಮ ಗಿಟಾರ್ ಕಾಯುತ್ತಿದೆ" ಅಂತ ಮೆಸೇಜು. ನಿಲ್ಲಿಸಿದೆ ಅಂದುಕೊಂಡ ಮೇಲೂ ಎರಡನೇ ತಿಂಗಳು ದುಡ್ಡು ಕಟ್ ಆಯಿತು. ಅದಕ್ಕಿಂತ ಈ ಮಂಕು ಮುಖದ ಪೆಂಗ್ವಿನ್ನೇ ವಾಸಿ.

ಕ್ಲಾಸಿಗೆ ಈಗಲೂ ಹೋಗುತ್ತೇನೆ, ಬೆರಳು ತಪ್ಪಿದರೆ ಹಿಡಿದು ಸರಿಮಾಡಲು ಮನುಷ್ಯರೇ ಬೇಕು. ಸರಳೆ ವರಸೆಯ ಪ್ರಿಂಟ್ ತೋರಿಸಿದಾಗ ಸರ್ ತಿರುಗಿಸಿ ಮುರುಗಿಸಿ ನೋಡಿ "ಇದರ ಫೈಲ್ ಕಳಿಸಿ ಮೇಡಂ" ಅಂದರು. ಕಳಿಸಿದೆ. ಈ ವಾರ ಜಂಟಿ ವರಸೆ (ಪ್ರತಿ ಸ್ವರ ಎರಡೆರಡು ಸಲ) ಟೈಪ್ ಮಾಡುತ್ತಿದ್ದೇನೆ, 3 3 4 4, ತಂತಿ ಬದಲಾಯಿಸಿ 2 2 3 3. ಶೇಕಡ 70ರ ತನಕ ಕೈ ಬರುತ್ತದೆ, ಅದರ ಮೇಲೆ ಜೋಡಿಯ ಎರಡನೇ ಗಾಂಧಾರ (ಗ) ನುಂಗಿಹೋಗುತ್ತಿದೆ.