ಬಳ್ಳಾರಿಯ ಲ್ಯಾಬಿಗೆ ನಾಲ್ಕಡಿಯ ಬಯೋಸೇಫ್ಟಿ ಕ್ಯಾಬಿನೆಟ್: ಲೆಜಿಯೊನೆಲ್ಲಾ ಪರೀಕ್ಷೆಗೆ ಹೊಂದುತ್ತದೆಯೇ?

ಹೊಂದುತ್ತದೆ. ಲೆಜಿಯೊನೆಲ್ಲಾ ಎಂದರೆ ನೀರಿನಲ್ಲಿ ಬೆಳೆಯುವ, ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ. ಕೂಲಿಂಗ್ ಟವರ್, ಆಸ್ಪತ್ರೆಯ ಬಿಸಿನೀರಿನ ಪೈಪು, ಹೋಟೆಲಿನ ಷವರ್‌ಗಳ ನೀರು ಪರೀಕ್ಷಿಸುವ ಲ್ಯಾಬಿಗೆ ಕ್ಲಾಸ್ 2, ಟೈಪ್ ಎ2 ಬಗೆಯ ಬಯೋಸೇಫ್ಟಿ ಕ್ಯಾಬಿನೆಟ್ (ರೋಗಾಣು ಹೊರಗೆ ಹಾರದಂತೆ ಗಾಳಿ ಸೋಸುವ ಕೆಲಸದ ಪೆಟ್ಟಿಗೆ) ಸರಿಯಾದ ಆಯ್ಕೆ. ಆದರೆ ಬಳ್ಳಾರಿಯಲ್ಲಿ ಕೊಳ್ಳುವವರು ಯಂತ್ರಕ್ಕಿಂತ ಮೊದಲು ಅದನ್ನು ಇಡುವ ಕೋಣೆಯನ್ನು ನೋಡಬೇಕು.

ಲೆಜಿಯೊನೆಲ್ಲಾ ಮನುಷ್ಯರಿಗೆ ತಗಲುವುದು ಮುಖ್ಯವಾಗಿ ಸೂಕ್ಷ್ಮ ತುಂತುರನ್ನು ಉಸಿರಿನಲ್ಲಿ ಎಳೆದುಕೊಂಡಾಗ. ಲ್ಯಾಬಿನಲ್ಲಿ ಆ ತುಂತುರು ಹುಟ್ಟುವ ಜಾಗಗಳು ಗೊತ್ತಿರುವಂಥವೇ. ಒಂದು ಲೀಟರ್ ನೀರು ಸೋಸಿದ ಮೆಂಬ್ರೇನನ್ನು (ತೆಳು ಫಿಲ್ಟರ್) ಕೆಲವೇ ಮಿಲಿಲೀಟರ್ ದ್ರವದಲ್ಲಿ ಹಾಕಿ ವೋರ್ಟೆಕ್ಸ್ ಮಾಡುವಾಗ (ಯಂತ್ರದಲ್ಲಿ ಜೋರಾಗಿ ಕುಲುಕುವಾಗ), ಪಿಪೆಟ್ಟಿನ ಕೊನೆಯ ಹನಿಯನ್ನು ಊದಿ ತೆಗೆಯುವಾಗ, ಸೆಂಟ್ರಿಫ್ಯೂಜಿನ ಟ್ಯೂಬ್ ಒಡೆದಾಗ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕಲ್ಚರ್ ಪ್ಲೇಟಿನ ಮೇಲೆ ಬೆಳೆದ ಕಾಲೊನಿಗಳ (ಬ್ಯಾಕ್ಟೀರಿಯಾದ ಗುಂಪುಗಳ) ಹತ್ತಿರ. ಮೂಲ ನೀರಿನಲ್ಲಿ ವಿರಳವಾಗಿದ್ದದ್ದು ಅಲ್ಲಿ ಕೋಟಿಗಟ್ಟಲೆ ಇರುತ್ತದೆ.

ಈ ಕ್ಯಾಬಿನೆಟ್ ಮುಂಭಾಗದಿಂದ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಗಾಳಿಯನ್ನು ಒಳಗೆಳೆಯುತ್ತದೆ. ಒಳಗಿನ ಗಾಳಿಯ ಸುಮಾರು ಶೇ 70 ಭಾಗ ಹೆಪಾ ಎಂಬ ಅತಿ ಸೂಕ್ಷ್ಮ ಫಿಲ್ಟರ್ ಮೂಲಕ ಮತ್ತೆ ಕೆಲಸದ ಜಾಗಕ್ಕೆ ಇಳಿಯುತ್ತದೆ, ಉಳಿದದ್ದು ಇನ್ನೊಂದು ಹೆಪಾ ದಾಟಿ ಹೊರಗೆ ಹೋಗುತ್ತದೆ. ಹೀಗೆ ಕೆಲಸಗಾರರಿಗೂ ಸ್ಯಾಂಪಲ್ಲಿಗೂ ರಕ್ಷಣೆ ಸಿಗುತ್ತದೆ. ಅಂಗಡಿಯಲ್ಲಿ ‘ಲ್ಯಾಮಿನಾರ್’ ಎಂದು ಕಡಿಮೆ ಬೆಲೆಗೆ ತೋರಿಸುವ ಅಡ್ಡಗಾಳಿಯ ಮೇಜನ್ನು ಈ ಕೆಲಸಕ್ಕೆ ದಯವಿಟ್ಟು ಕೊಳ್ಳಬೇಡಿ. ಅದು ಪ್ಲೇಟಿನ ಮೇಲಿನ ಗಾಳಿಯನ್ನು ನೇರವಾಗಿ ಕೂತವರ ಮುಖಕ್ಕೆ ತಳ್ಳುತ್ತದೆ.

ಇನ್ನು ನಮ್ಮ ಊರಿನ ಕಷ್ಟ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಸೀಲಿಂಗ್ ಫ್ಯಾನ್ ಹಾಕದೆ ಇರುವುದು ಕಷ್ಟ. ಆದರೆ ಅರ್ಧ ಮೀಟರ್ ವೇಗದ ಗಾಳಿಪರದೆಯನ್ನು ಕೆಡಿಸಲು ಆ ಫ್ಯಾನ್ ಒಂದೇ ಸಾಕು. ಎಸಿ ಹಾಕಿಸಿ, ಅದರ ಗಾಳಿ ಕ್ಯಾಬಿನೆಟ್ಟಿನ ಬಾಯಿಗೆ ಬೀಳದಂತೆ ನೋಡಿಕೊಳ್ಳಿ. ಬಾಗಿಲಿನ ಎದುರು, ಜನ ಓಡಾಡುವ ದಾರಿಯಲ್ಲಿ ಇಡಲೇಬೇಡಿ. ಸ್ಪಿರಿಟ್ ಹತ್ತಿರ ಇಲ್ಲದಿರುವಾಗ ಊದುಬತ್ತಿಯ ಹೊಗೆಯನ್ನು ಕ್ಯಾಬಿನೆಟ್ಟಿನ ಬಾಯಿಯ ಅಂಚಿನಲ್ಲಿ ಹಿಡಿದರೆ, ಅದು ಉದ್ದಕ್ಕೂ ಒಳಗೆ ಹೋಗಬೇಕು. ಎಲ್ಲಾದರೂ ಹೊರಗೆ ಮರಳಿದರೆ ಜಾಗ ಬದಲಿಸಿ. ಇದು ವರ್ಷಕ್ಕೊಮ್ಮೆಯ ಅಧಿಕೃತ ಪರೀಕ್ಷೆಗೆ ಬದಲಿ ಅಲ್ಲ.

ಅದಿರಿನ ಕೆಂಪು ಧೂಳು ಫಿಲ್ಟರ್‌ಗಳನ್ನು ಬೇಗ ಕಟ್ಟಿಸುತ್ತದೆ. ಕಿಟಕಿ ಮುಚ್ಚಿದ ಕೋಣೆ ಬೇಕು. ಕರೆಂಟ್ ಹೋದ ಕ್ಷಣವೇ ರಕ್ಷಣೆಯೂ ಹೋಗುತ್ತದೆ, ಆದ್ದರಿಂದ ಯುಪಿಎಸ್ ಇಲ್ಲದೆ ಈ ಯಂತ್ರ ಅರ್ಧ ಯಂತ್ರ. ಕ್ಯಾಬಿನೆಟ್ಟಿನ ಫ್ಯಾನ್ ನಿಂತರೆ ಪ್ಲೇಟು, ಟ್ಯೂಬು ಮುಚ್ಚಿ, ಗಾಜಿನ ಬಾಗಿಲು ಇಳಿಸಿ. ಕರೆಂಟ್ ಬಂದ ಮೇಲೆ ಐದು ನಿಮಿಷ ಓಡಿಸಿಯೇ ಮತ್ತೆ ಕೈ ಹಾಕಿ.

ಬಳಕೆಯಲ್ಲಿ ಗಾಳಿ ಒಳಗೆಳೆಯುವ ಮುಂಭಾಗದ ಜಾಲರಿಯ ಮೇಲೆ ಪೇಪರನ್ನಾಗಲಿ ಮೊಣಕೈಯನ್ನಾಗಲಿ ಇಡುವುದೇ ದೊಡ್ಡ ತಪ್ಪು. ಕೆಲಸ ಅದರಿಂದ ಹತ್ತು ಸೆಂಟಿಮೀಟರ್ ಒಳಗೆ ನಡೆಯಲಿ. ವೋರ್ಟೆಕ್ಸ್ ಆದ ಮೇಲೆ ಟ್ಯೂಬನ್ನು ಕೆಲವು ನಿಮಿಷ ಬಿಟ್ಟು ತೆರೆಯಿರಿ. ಸೆಂಟ್ರಿಫ್ಯೂಜಿನ ಬಕೆಟ್ಟಿಗೆ ಮುಚ್ಚಳ ಇರಬೇಕು, ಅದನ್ನು ಕ್ಯಾಬಿನೆಟ್ಟಿನ ಒಳಗೇ ತೆಗೆಯಬೇಕು. ಬ್ಲೀಚ್ ಹಾಕಿ ಒರೆಸಿದರೆ ನಂತರ ಶುದ್ಧ ನೀರಿನಲ್ಲೂ ಒರೆಸಿ, ಇಲ್ಲವಾದರೆ ಸ್ಟೀಲ್ ತಿನ್ನುತ್ತದೆ. ಪ್ಲೇಟುಗಳು ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಶುದ್ಧ) ಆಗದೆ ಹೊರಗೆ ಹೋಗಕೂಡದು.

ಇಷ್ಟವಾಗದ್ದು ಎರಡು. ಯುವಿ ದೀಪವನ್ನು ದೊಡ್ಡ ಸೌಲಭ್ಯವೆಂದು ಮಾರುತ್ತಾರೆ, ಒರೆಸುವ ಕೆಲಸಕ್ಕೆ ಅದು ಬದಲಾಗುವುದಿಲ್ಲ. ಜೊತೆಗೆ ಬರ್ನರ್‌ಗೆಂದು ಗ್ಯಾಸಿನ ನಲ್ಲಿಯನ್ನೂ ಕೊಡುತ್ತಾರೆ. ಉರಿಯ ಬಿಸಿ ಗಾಳಿಯ ಹರಿವನ್ನು ಕದಡುವುದರಿಂದ ಅದನ್ನು ಬಳಸದೆ, ಕಾಲೊನಿ ಎತ್ತಲು ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೂಪ್ ತರಿಸಿಕೊಳ್ಳಿ.

ಕ್ಯಾಬಿನೆಟ್ಟಿನ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿ: ಇಲ್ಲಿ ಕೆಲಸ ಮಾಡಿದ ಎರಡು ವಾರದೊಳಗೆ ಜ್ವರ, ಕೆಮ್ಮು ಬಂದರೆ ಡಾಕ್ಟರಿಗೆ ಲೆಜಿಯೊನೆಲ್ಲಾ ಹೆಸರು ಹೇಳಬೇಕು. ಅಮಾಕ್ಸಿಸಿಲಿನ್‌ನಂಥ ಔಷಧಿ ಇದಕ್ಕೆ ನಾಟುವುದಿಲ್ಲ, ಅಜಿಥ್ರೊಮೈಸಿನ್ ಅಥವಾ ಲೆವೊಫ್ಲೊಕ್ಸಾಸಿನ್ ಬೇಕಾಗುತ್ತದೆ. ಮೂತ್ರದ ಪರೀಕ್ಷೆ ಮುಖ್ಯವಾಗಿ ಲೆಜಿಯೊನೆಲ್ಲಾ ನ್ಯುಮೊಫಿಲಾ ಎಂಬ ಪ್ರಭೇದದ ಸೀರೋಗ್ರೂಪ್ 1 ಎಂಬ ಒಂದು ಬಗೆಯನ್ನಷ್ಟೇ ಹಿಡಿಯುತ್ತದೆ, ನೆಗೆಟಿವ್ ಬಂದರೂ ರೋಗ ಇಲ್ಲವೆಂದು ಬಿಡುವಂತಿಲ್ಲ.

ಹಣ ಕೊಡುವ ಮೊದಲು ಸರ್ವಿಸ್ ಕರಾರನ್ನು ಓದಿ. ಯಂತ್ರ ಇಟ್ಟ ಜಾಗದಲ್ಲೇ ಗಾಳಿಯ ವೇಗ, ಹೊಗೆಯ ಹರಿವು, ಹೆಪಾ ಸೋರಿಕೆ ಈ ಮೂರೂ ಪರೀಕ್ಷೆ ಆಗಬೇಕು. ಪ್ರತಿ ವರ್ಷವೂ, ಯಂತ್ರವನ್ನು ಸರಿಸಿದಾಗಲೆಲ್ಲ ಕೂಡ. ಹೊರಊರಿಂದ ಬರುವ ಟೆಕ್ನೀಷಿಯನ್ ಖರ್ಚು ಯಾರದೆಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ.