ಕೋಚ್ ಮೊದಲಿನವರೇ, ಹಿಂದಿದ್ದ ಜನ ಇಲ್ಲ: ಹಾಸನದ ಒಂದು ಕಾಲೇಜಿನ ಫುಟ್‌ಬಾಲ್ ಬ್ಯಾಚ್

ಹಾಸನದಲ್ಲಿ ಕ್ರಿಕೆಟ್ ಕಲಿಸೋಕೆ ಯಾರನ್ನ ಕೇಳಿದರೂ ಒಂದು ಹೆಸರು ಹೇಳುತ್ತಾರೆ. ಫುಟ್‌ಬಾಲ್ ಅಂದರೆ ಸ್ವಲ್ಪ ಯೋಚನೆ ಮಾಡುತ್ತಾರೆ. ಹಾಗಾಗಿ ಒಂದು ಕಾಲೇಜಿನವರು ತಮ್ಮ ತಂಡದ ಜೊತೆಗೇ ಹೊರಗಿನ ಹುಡುಗರಿಗೂ ಸಂಜೆ ಬ್ಯಾಚ್ ನಡೆಸುತ್ತಾರೆ ಅಂತ ಗೊತ್ತಾದ ತಕ್ಷಣ ಮಗನನ್ನು ಸೇರಿಸಿದೆ. ಹೋದ ವರ್ಷ ಕೇಳಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ಮೂರು. ಅದೂ ಕೋಚ್ ಮುಖ ನೋಡಿ.

ಕೋಚ್ ಬದಲಾಗಿಲ್ಲ. ಬ್ಯಾನರ್‌ನಲ್ಲಿ ಅದೇ ಫೋಟೋ, ಕೆಳಗೆ ಅದೇ ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್) ಲೈಸೆನ್ಸ್. ಹೋಗಿದ್ದು ಬ್ಯಾನರ್‌ನಲ್ಲಿ ಇಲ್ಲದವರು. ಫಿಟ್‌ನೆಸ್ ನೋಡಿಕೊಳ್ಳುತ್ತಿದ್ದ ಹುಡುಗ ಮೈಸೂರಿಗೆ ಹೋದ, ಫಿಸಿಯೋ ಮೇಡಂ ಬರೋದು ನಿಂತಿತು, ಗ್ರೌಂಡು, ಬಾಲು, ಬಿಬ್ಬು ಎಲ್ಲ ನೋಡಿಕೊಳ್ಳುತ್ತಿದ್ದ ಅಣ್ಣನ ಗುತ್ತಿಗೆ ಮುಗಿದ ಮೇಲೆ ಮತ್ತೆ ಕರೆಯಲಿಲ್ಲ. ಎಲ್ಲ ಆಗಿದ್ದು ಹಾಸನಾಂಬೆ ಗುಡಿ ಬಾಗಿಲು ತೆಗೆದ ಆಸುಪಾಸಿನಲ್ಲಿ. ಊರೇ ಕ್ಯೂನಲ್ಲಿ ನಿಂತಿತ್ತು, ಯಾರಿಗೂ ಗೊತ್ತಾಗಲಿಲ್ಲ. ವಾಟ್ಸಾಪ್ ಗ್ರೂಪ್‌ನಲ್ಲಿ ಒಂದು ಸಾಲಿನ ಮೆಸೇಜೂ ಇಲ್ಲ. ಫೀಸ್ ಮೆಸೇಜ್ ಮಾತ್ರ ತಾರೀಕಿಗೆ ಸರಿಯಾಗಿ ಬರುತ್ತೆ.

ವ್ಯತ್ಯಾಸ ಕಾಣೋದು ವಾರ್ಮಪ್‌ನಲ್ಲಿ. ಮೊದಲು ಬಾಲು ಮುಟ್ಟುವ ಮುಂಚೆ ಫಿಫಾ 11+ ಅನ್ನೋ, ಗಾಯ ಆಗದಿರಲಿ ಅಂತ ಮಾಡೋ ವಾರ್ಮಪ್ ಮಾಡಿಸುತ್ತಿದ್ದರು. ಒಟ್ಟು 15 ವ್ಯಾಯಾಮ, ಸುಮಾರು 20 ನಿಮಿಷ. ಓಟ, ಪ್ಲ್ಯಾಂಕ್, ಒಂಟಿ ಕಾಲಲ್ಲಿ ನಿಲ್ಲೋದು, ಜಿಗಿಯೋದು, ಆಮೇಲೆ ಮಂಡಿಯೂರಿ ಕೂತು, ಹಿಂದಿನಿಂದ ಜೊತೆಗಾರ ಕಾಲು ಹಿಡಿದುಕೊಂಡಾಗ ಬೆನ್ನು ಬಗ್ಗಿಸದೆ ನಿಧಾನವಾಗಿ ಮುಂದಕ್ಕೆ ವಾಲೋದು. ತೊಡೆ ಹಿಂದಿನ ಸ್ನಾಯು ಗಟ್ಟಿಯಾಗಲಿ ಅಂತ. ಆ ಟ್ರೇನರ್ ಹುಡುಗ ಒಬ್ಬೊಬ್ಬರ ಮಂಡಿ ಮೇಲೇ ಕಣ್ಣಿಟ್ಟಿರುತ್ತಿದ್ದ. ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲಿದರೆ ಸಾಕು, "ಮತ್ತೆ ಜಿಗಿ" ಅನ್ನುತ್ತಿದ್ದ. ಈಗ ಸೀನಿಯರ್ ಒಬ್ಬ ಗ್ರೌಂಡ್ ಸುತ್ತ ಓಡಿಸುತ್ತಾನೆ, ಕೈಕಾಲು ಒದರಿಸುತ್ತಾನೆ, ಮುಗೀತು. ಅವನದೇನು ತಪ್ಪು, ಅವನೂ ಕಲಿಯೋಕೆ ಬಂದವನೇ.

ಬಾಲಿನ ಕಥೆ ಇನ್ನೊಂದು. ಹದಿನಾಲ್ಕು ದಾಟಿದವರಿಗೆ 5 ನಂಬರ್ ಬಾಲು, 410ರಿಂದ 450 ಗ್ರಾಂ ತೂಕದ್ದು. ಚಿಕ್ಕವರಿಗೆ 4 ನಂಬರ್. ಅಣ್ಣ ಇದ್ದಾಗ ಎರಡೂ ಬೇರೆ ಬೇರೆ ಚೀಲದಲ್ಲಿ ಇರುತ್ತಿದ್ದವು, ಪಂಪಿಗೆ ಗೇಜ್ ಇತ್ತು. ಈಗ ಎಲ್ಲ ಒಂದೇ ಮೂಟೆ, ಹೆಬ್ಬೆರಳಲ್ಲಿ ಒತ್ತಿ ನೋಡಿ ಗಾಳಿ ಹಾಕುತ್ತಾರೆ. ಹತ್ತು ವರ್ಷದ ಪಾಪು ಒಂದು, ಕಲ್ಲಿನಂತಿರೋ 5 ನಂಬರ್ ಬಾಲನ್ನು ಹೆಡ್ ಮಾಡೋಕೆ ಹೋಗಿದ್ದನ್ನ ನಾನೇ ನೋಡಿದೆ. ಕೋಚ್ ಓಡಿ ಬಂದು ತಡೆದರು.

ನನಗೆ ಬೇಜಾರಾಗೋದು ಆ ಕೋಚನ್ನ ನೋಡಿದಾಗಲೇ. ಫಸ್ಟ್ ಟಚ್ (ಬಂದ ಬಾಲನ್ನು ಮೊದಲ ಸಲ ಮುಟ್ಟುವಾಗಲೇ ಹಿಡಿತಕ್ಕೆ ತಗೊಳ್ಳೋದು) ಹೇಳಿಕೊಡೋದರಲ್ಲಿ ಅವರಷ್ಟು ತಾಳ್ಮೆ ಇರೋರು ಸಿಗೋದು ಕಷ್ಟ. ಬಾಲು ಬರೋಕೆ ಮುಂಚೆ ಭುಜದ ಮೇಲಿಂದ ಹಿಂದೆ ನೋಡು ಅಂತ ನೂರು ಸಲ ಹೇಳುತ್ತಾರೆ, ನೂರೊಂದನೇ ಸಲ ಬೈಯದೆ ಹೇಳುತ್ತಾರೆ. ಅಂಥವರು ಈಗ ಕೋನ್ ಇಡಬೇಕು, ಸುಣ್ಣದ ಗೆರೆ ಎಳೆಯಬೇಕು, ಉಳುಕಿದ ಕಾಲಿಗೆ ಐಸ್ ಹುಡುಕಬೇಕು, ಇಂಟರ್ ಕಾಲೇಜ್ ಟೂರ್ನಿ ಫಾರಂಗೆ ಸಹಿ ಹಾಕಿಸಬೇಕು. ಕಲಿಸೋ ಟೈಮು ಎಲ್ಲಿಂದ ಬರಬೇಕು?

ಅಮೆರಿಕದ ಕಾಲೇಜು ಫುಟ್‌ಬಾಲ್ (ಕೈಯಲ್ಲಿ ಹಿಡಿದು ಓಡೋ ಆಟ, ಅದೇ ಬೇರೆ) ನೋಡುವವರಿಗೆ ಗೊತ್ತಿರುತ್ತೆ. 2020ರಲ್ಲಿ ಅಲಬಾಮಾ ಯೂನಿವರ್ಸಿಟಿ ತಂಡದ ಸ್ಟ್ರೆಂತ್ ಕೋಚ್ (ಆಟಗಾರರ ಮೈಕಟ್ಟು, ಫಿಟ್‌ನೆಸ್ ನೋಡಿಕೊಳ್ಳುವವರು) ಸ್ಕಾಟ್ ಕಾಕ್ರನ್ ಜಾರ್ಜಿಯಾ ಯೂನಿವರ್ಸಿಟಿಗೆ ಹೋದಾಗ, ಹೆಡ್ ಕೋಚ್ ನಿಕ್ ಸೇಬನ್ ಅಲ್ಲೇ ಇದ್ದರೂ, ಅದು ದೊಡ್ಡ ಸುದ್ದಿಯಾಯಿತು. ಗ್ರೌಂಡಲ್ಲಿ ಕಲಿಸೋಕೆ ಹೆಡ್ ಕೋಚ್ ಜೊತೆ 10 ಸಹಾಯಕರು ಮಾತ್ರ ಅನ್ನೋ ಮಿತಿಯನ್ನೂ 2024ರಲ್ಲಿ ತೆಗೆದುಹಾಕಿದರು. ನಾವು ಹತ್ತು ಜನರನ್ನ ಕೇಳ್ತಿಲ್ಲ ಮಾರಾಯ್ರೆ. ಇದ್ದ ಮೂವರು ಹೋದರು ಅಂತ ಹೇಳಬಹುದಿತ್ತು, ಅಲ್ವಾ?

ಆಫೀಸಲ್ಲಿ ಕೇಳಿದರೆ "ಪ್ರೋಸೆಸ್‌ನಲ್ಲಿದೆ ಸರ್". ಗ್ರೌಂಡ್ ಚೆನ್ನಾಗಿದೆ, ಲೈಟ್ ಇದೆ, ಪಾರ್ಕಿಂಗ್‌ಗೆ ತೊಂದರೆ ಇಲ್ಲ. ಸೇರಿಸೋರು ಟ್ರಯಲ್ ದಿನ ಅರ್ಧ ಗಂಟೆ ಮುಂಚೆ ಹೋಗಿ, ವಾರ್ಮಪ್ ಯಾರು ಮಾಡಿಸ್ತಾರೆ, ಮಗು ಬಿದ್ದರೆ ಯಾರು ನೋಡ್ತಾರೆ ಅಂತ ನೇರವಾಗಿ ಕೇಳಿ. ಮಗನನ್ನು ಸದ್ಯಕ್ಕೆ ಬಿಡಿಸಿಲ್ಲ. ಟ್ರೇನರ್, ಫಿಸಿಯೋ ಬಂದರೆ ಸ್ಟಾರ್ ತಿದ್ದುತ್ತೇನೆ.